ಮೂಲೆಗಳಿಲ್ಲದ ಆಸ್ಪತ್ರೆ

ಬೆಟಗೇರಿಯ ‘ಜರ್ಮನ್ ದವಾಖಾನೆ’ಯ ಹೆಸರನ್ನು ಕೇಳದವರು ಗದಗ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳ ಹಿರಿಯರಲ್ಲಿ ವಿರಳ. ಬಾಸೆಲ್ ಮಿಶನ್ನಿನವರು ಕಟ್ಟಿದ ಆಸ್ಪತ್ರೆಗೆ ಜನರೇ ಇಟ್ಟ ಹೆಸರದು. ಜನರಿಡುವ ಇಂತಹ ಹೆಸರುಗಳಲ್ಲಿ ಕೆಲವೊಮ್ಮೆ ವಿಶ್ವಾಸವಿರುತ್ತದೆ, ಕೆಲವೊಮ್ಮೆ ಭೀತಿ. ನ್ಯೂಯಾರ್ಕ್ ನಗರದ ಜನ ತಮ್ಮೂರಿನ ಒಂದು ಆಸ್ಪತ್ರೆಯನ್ನು ‘ಬ್ಯಾಸ್ಟಿಲ್’ ಎಂದು ಕರೆದರು. ಫ್ರಾನ್ಸಿನ ಕುಪ್ರಸಿದ್ಧ ಸೆರೆಮನೆಯ ಹೆಸರದು. ಒಳಹೊಕ್ಕವರು ಹೊರಬರುವುದಿಲ್ಲವೆಂಬುದು ಅದರ ಇಂಗಿತ. ಆ ಬ್ಯಾಸ್ಟಿಲಿನಲ್ಲಿ ಇಂದು ಸಿರಿವಂತರು ಸಂಸಾರ ಹೂಡಿದ್ದಾರೆ!

ಹತ್ತೊಂಬತ್ತನೆಯ ಶತಮಾನದಲ್ಲಿ ಕ್ಯಾನ್ಸರ್ ರೋಗಿಗೆ ಆಸ್ಪತ್ರೆಯಲ್ಲಿಯೂ ಸ್ಥಳವಿರಲಿಲ್ಲ. ಅದು ಅಂಟುರೋಗವೆಂಬ ಅಂಜಿಕೆ ಒಂದು ಕಡೆ, ವಾಸಿಯಾಗದ ರೋಗಿಗೆ ಹಾಸಿಗೆಯೇಕೆಂಬ ಲೆಕ್ಕಾಚಾರ ಇನ್ನೊಂದು ಕಡೆ. ಈ ನಿರಾಕೃತರಿಗಾಗಿಯೇ ‘ನ್ಯೂಯಾರ್ಕ್ ಕ್ಯಾನ್ಸರ್ ಹಾಸ್ಪಿಟಲ್’ ಹುಟ್ಟಿತು. 1884ರಲ್ಲಿ ಸೆಂಟ್ರಲ್ ಪಾರ್ಕ್ ಎಂಬ ವಿಶಾಲ ಉದ್ಯಾನದ ಪಶ್ಚಿಮ ಅಂಚಿನಲ್ಲಿ ಅದಕ್ಕೆ ಅಡಿಗಲ್ಲು ಬಿದ್ದಿತು. ಅಮೆರಿಕದಲ್ಲಿ ಈ ಒಂದೇ ವ್ಯಾಧಿಗೆಂದು ಮೀಸಲಾದ ಮೊದಲ ಆಸ್ಪತ್ರೆಯದು. ಕುಬೇರನೆನಿಸಿದ್ದ ಜಾನ್ ಜೇಕಬ್ ಆಸ್ಟರ್ ಎರಡು ಲಕ್ಷ ಡಾಲರುಗಳನ್ನಿತ್ತರು. ಅವರ ಪತ್ನಿ ಷಾರ್ಲಟ್ ಈ ಕಾರ್ಯಕ್ಕೆ ಬೆಂಬಲವಾಗಿ ನಿಂತರು. 1887ರ ಡಿಸೆಂಬರಿನಲ್ಲಿ ಬಾಗಿಲು ತೆರೆಯಿತು. ಅದೇ ತಿಂಗಳು ಆ ಸಾಧ್ವಿಯೂ ಕ್ಯಾನ್ಸರಿಗೆ ಬಲಿಯಾದರು.

ವಾಸ್ತುಶಿಲ್ಪಿ ಚಾರ್ಲ್ಸ್ ಹೈಟ್ ಕಟ್ಟಿದ್ದು ನೋಟಕ್ಕೆ ಫ್ರೆಂಚ್ ಅರಮನೆ. ಕೆಂಪು ಇಟ್ಟಿಗೆಯ ದುಂಡು ಗೋಪುರಗಳು, ಮೇಲೆ ಶಂಕುವಿನಾಕಾರದ ಮಾಡು. ನಮ್ಮ ಹಳ್ಳಿಗಳ ಹುಡೇವುಗಳಿಗೆ ಟೊಪ್ಪಿಗೆ ತೊಡಿಸಿದಂತೆ! ಆದರೆ ದುಂಡು ಬರಿಯ ಅಂದಕ್ಕಾಗಿರಲಿಲ್ಲ. ಕೋಣೆಯ ಮೂಲೆಗಳಲ್ಲಿ ಧೂಳು, ಕೆಟ್ಟಗಾಳಿ, ರೋಗಾಣುಗಳು ನೆಲೆನಿಲ್ಲುತ್ತವೆ ಎಂಬುದು ಅಂದಿನ ವೈದ್ಯರ ಎಣಿಕೆ. ಮೂಲೆಯೇ ಇಲ್ಲದಿದ್ದರೆ? ಹೀಗಾಗಿ ಗೋಪುರದೊಳಗಿನ ವಾರ್ಡುಗಳು ವೃತ್ತಾಕಾರವಾದವು. ಮಂಚಗಳು ಗೋಡೆಯ ಸುತ್ತ, ಅವುಗಳ ನಡುವೆ ಕಿಟಕಿಯ ಬೆಳಕು. ಮಧ್ಯದಲ್ಲಿ ಹಳಸಿದ ಗಾಳಿಯನ್ನು ಮೇಲಕ್ಕೆಳೆಯುವ ಕೊಳವೆ. ದಾದಿಯು ನಿಂತಲ್ಲಿಂದಲೇ ಎಲ್ಲ ರೋಗಿಗಳನ್ನೂ ಕಾಣಬಹುದಾಗಿತ್ತು.

ಯೋಜನೆಯೇನೋ ಸೊಗಸಾದದ್ದು, ಕ್ಯಾನ್ಸರು ಮಾತ್ರ ಮೂಲೆಗಳಲ್ಲಿ ಇರಲಿಲ್ಲ. ಶಸ್ತ್ರಕ್ರಿಯೆಗೆ ಬಗ್ಗದ ರೋಗಕ್ಕೆ ಆಗ ಇದ್ದುದು ನೋವು ಮರೆಸುವ ಮಾರ್ಫಿನ್ ಒಂದೇ. ಸಾವುಗಳು ಹೆಚ್ಚಿ ಹೆಸರು ಕೆಟ್ಟಿತು. 1899ರಲ್ಲಿ ಹೆಸರನ್ನು ‘ಜನರಲ್ ಮೆಮೋರಿಯಲ್’ ಎಂದು ಬದಲಿಸಿದರು. ಅನಂತರ ರೇಡಿಯಮ್ ಬಂದಿತು. ಅಲ್ಲಿನ ಅಪಾರ ಸಂಗ್ರಹವನ್ನು ನೋಡಲು 1921ರಲ್ಲಿ ಮೇಡಂ ಕ್ಯೂರಿಯವರೇ ಆಗಮಿಸಿದರು. 1939ರಲ್ಲಿ ಆಸ್ಪತ್ರೆ ನಗರದ ಪೂರ್ವಭಾಗದ ಹೊಸ ಕಟ್ಟಡಕ್ಕೆ ತೆರಳಿತು. ಇಂದು ವಿಶ್ವವಿಖ್ಯಾತವಾದ ‘ಮೆಮೋರಿಯಲ್ ಸ್ಲೋನ್ ಕೆಟರಿಂಗ್’ ಸಂಸ್ಥೆ ಅದೇ ಬೇರಿನ ಮರ.

ಬಿಟ್ಟುಹೋದ ಗೋಪುರಗಳಿಗೆ 1950ರ ದಶಕದಲ್ಲಿ ಇನ್ನೊಂದು ಬಗೆಯ ಅಸಹಾಯಕರು ಬಂದರು: ವೃದ್ಧರು. ಅಲ್ಲಿ ನಡೆದ ವೃದ್ಧಾಲಯದ ಕಥೆ ಹೇಳಲು ಹಿತವಾದದ್ದಲ್ಲ. ಕೊಳಕು ಹಾಗೂ ಅಲಕ್ಷ್ಯದ ದೂರುಗಳು ಪತ್ರಿಕೆಗಳಿಗೇರಿದವು, ವಿಚಾರಣೆಗಳು ನಡೆದವು. ರೋಗಿಗಳನ್ನು ತಿರಸ್ಕರಿಸಬಾರದೆಂದು ಕಟ್ಟಿದ ಮನೆಯಲ್ಲಿಯೇ ಮುದುಕರು ತಿರಸ್ಕೃತರಾದರು. 1974ರಲ್ಲಿ ಅದೂ ಮುಚ್ಚಿತು.

1976ರಲ್ಲಿ ನಗರದ ಅಧಿಕಾರಿಗಳು ಇದನ್ನು ಸಂರಕ್ಷಿತ ಸ್ಮಾರಕವೆಂದು ಸಾರಿದರು. ಕೆಡವಬಾರದೆಂಬ ಆಜ್ಞೆಯಾಯಿತೇ ಹೊರತು ದುರಸ್ತಿಗೆ ಹಣ ಹಾಕುವವರು ಬರಲಿಲ್ಲ. ಕಾಲು ಶತಮಾನ ಮಳೆ-ಹಿಮಗಳು ಒಳಗಿಳಿದವು, ಮಾಡು ಕುಸಿಯಿತು. ಕೊನೆಗೆ ಷಿಕಾಗೋದ ಒಂದು ಕಂಪನಿ ಹಿಂಬದಿಯಲ್ಲಿ 26 ಅಂತಸ್ತಿನ ಹೊಸ ಸೌಧವೆಬ್ಬಿಸಿ, ಹಳೆಯ ಗೋಪುರಗಳನ್ನು ಜೀರ್ಣೋದ್ಧಾರಗೊಳಿಸಿತು. 2005ರ ಹೊತ್ತಿಗೆ ಅಲ್ಲಿ ವಾಸದ ಮನೆಗಳು ಸಿದ್ಧವಾದವು. ಒಂದೊಂದರ ಬೆಲೆ ಹತ್ತಾರು ಲಕ್ಷ ಡಾಲರು. ವಾರ್ಡುಗಳಿದ್ದ ದುಂಡು ಕೋಣೆಗಳು ಈಗ ದಿವಾನಖಾನೆಗಳು. ಅವುಗಳ ಕಿಟಕಿಗಳು ಮೊದಲಿನಂತೆಯೇ ಎದುರಿನ ಉದ್ಯಾನದತ್ತ ತೆರೆದುಕೊಳ್ಳುತ್ತವೆ.