ಖಿದ್ರಾಪುರದ ಕಲ್ಲಿನಲ್ಲಿ ಕನ್ನಡ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಲೇಬೇಕೆಂದು ಸಂಪಾದಕ ಮಂಡಳಿಯವರು ಆಗ್ರಹಪಡಿಸಿದರು. ಶಾಲೆಯ ಇತಿಹಾಸವನ್ನು ನನಗಿಂತ ಸಮರ್ಥರಾದವರು ಬರೆಯುವರೆಂಬ ಭರವಸೆಯಿಂದ ನಾನು ಬೇರೊಂದು ವಿಷಯವನ್ನು ಆರಿಸಿಕೊಂಡಿದ್ದೇನೆ. ಏಳನೆಯ ಇಯತ್ತೆಯ ಮಕ್ಕಳನ್ನು ನಾನು ಪ್ರತಿವರ್ಷ ಖಿದ್ರಾಪುರಕ್ಕೇ ಪ್ರವಾಸ ಒಯ್ಯುತ್ತಿದ್ದೆ. ಪನ್ಹಾಳಗಡಕ್ಕೋ ಜ್ಯೋತಿಬಾ ಗುಡ್ಡಕ್ಕೋ ಹೋಗೋಣವೆಂದು ಮಕ್ಕಳು ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದುದು ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಅವರಿಗೆ ಆಗ ಹೇಳದೆ ಉಳಿಸಿಕೊಂಡಿದ್ದ ಕಾರಣವನ್ನು ಈಗ ಹೇಳುತ್ತೇನೆ.

ಕನ್ನಡ ಮಾಧ್ಯಮದಲ್ಲಿ ಮ್ಯಾಟ್ರಿಕ್ ಮುಗಿಸಿ ಗಡಹಿಂಗ್ಲಜ ಭಾಗದಿಂದ ಕೊಲ್ಲಾಪುರದ ಕಾಲೇಜಿಗೆ ಹೋದವನು ನಾನು. ದೂರ ನಲವತ್ತು ಮೈಲಿಯಷ್ಟೇ. ಆದರೆ ನನ್ನ ಪಾಲಿಗೆ ಅದು ಪರದೇಶವೇ ಆಗಿತ್ತು. ಪಾಠ ಇಂಗ್ಲಿಷಿನಲ್ಲಿ, ಮಾತು ಮರಾಠಿಯಲ್ಲಿ. ಕನ್ನಡವೆಂದರೆ ಊರಿನಿಂದ ಬರುವ ತಂದೆಯವರ ಕಾರ್ಡು ಮಾತ್ರ. ಮಹಾಜನ ಆಯೋಗದ ವರದಿ 1967ರಲ್ಲಿ ಹೊರಬಿದ್ದಿತ್ತು. ಗಡಿಯ ಮಾತೆತ್ತಿದರೆ ಎರಡೂ ಕಡೆಯವರ ಧ್ವನಿ ಏರುತ್ತಿದ್ದ ಕಾಲವದು. ಹಾಗಿದ್ದರೂ 1969ರ ಚಳಿಗಾಲದ ಒಂದು ಶನಿವಾರ ನಾವು ಏಳು ಮಂದಿ ಒಂದೇ ಖೋಲಿಯ ಸಾಲಿನ ಗೆಳೆಯರು ಪ್ರವಾಸ ಹೊರಟೆವು. ನಾಲ್ವರು ಮರಾಠಿಗರು, ಮೂವರು ಕನ್ನಡಿಗರು.

ಎಸ್.ಟಿ. ಬಸ್ಸು ಇಚಲಕರಂಜಿಯ ಮೇಲೆ ಹಾಯ್ದು ಕುರುಂದವಾಡಕ್ಕೆ ಬಂದಿತು. 1904ರಲ್ಲಿ ಮೊದಲ ಯಂತ್ರಮಗ್ಗ ಬಂದ ಇಚಲಕರಂಜಿಯಲ್ಲಿ ಮಗ್ಗದ ಖಟಪಟ ಸದ್ದು ಬಸ್ಸಿನ ಸದ್ದನ್ನೂ ಮೀರಿ ಕೇಳುತ್ತಿತ್ತು. ಕೃಷ್ಣಾ ಪಂಚಗಂಗೆಯರು ಕೂಡುವ ನರಸೋಬವಾಡಿಯಲ್ಲಿ ದತ್ತನ ದರ್ಶನ, ಧರ್ಮಶಾಲೆಯಲ್ಲಿ ಮುಕ್ಕಾಂ. ರವಿವಾರ ಬೆಳಗಿನ ಜಾವ ಬಾಡಿಗೆಯ ಸೈಕಲ್ಲುಗಳ ಮೇಲೆ, ಕಬ್ಬಿನ ಹೊಲಗಳ ನಡುವಿನ ಧೂಳಿನ ಹಾದಿಯಲ್ಲಿ ಹತ್ತು ಹನ್ನೆರಡು ಮೈಲಿ. ನನ್ನ ಸೈಕಲ್ಲಿನ ಸರಪಳಿ ಮೂರು ಸಲ ಕಳಚಿತು.

ಖಿದ್ರಾಪುರವು ಶಿರೋಳ ತಾಲೂಕಿನಲ್ಲಿ ಕೃಷ್ಣಾ ನದಿಯ ದಂಡೆಯ ಮೇಲಿದೆ. ಆಚೆ ದಂಡೆಯ ಜುಗೂಳ ಕರ್ನಾಟಕಕ್ಕೆ ಸೇರಿದುದು. ಇಲ್ಲಿಯ ಕೋಪೇಶ್ವರ ದೇವಾಲಯ ಕೊಲ್ಲಾಪುರದ ಶಿಲಾಹಾರರ ಕಾಲದ್ದು, 12ನೆಯ ಶತಮಾನದ ಕೆಲಸ. ಮುಂಭಾಗದ ಸ್ವರ್ಗಮಂಟಪಕ್ಕೆ ನಡುವೆ ಮಾಡಿಲ್ಲ. ಸುಮಾರು 13 ಅಡಿ ಅಗಲದ ದುಂಡನೆಯ ಬಯಲು. ಅದರ ಕೆಳಗೆ ಅಷ್ಟೇ ದುಂಡನೆಯ ಕಲ್ಲುಹಾಸು, ಸುತ್ತಲೂ ವರ್ತುಲವಾಗಿ ನಿಂತ ಕಂಬಗಳು, ಒಟ್ಟು 48. ಒಳಗೆ ಸಭಾಮಂಟಪ, ಅಂತರಾಳ, ಗರ್ಭಗೃಹ. ಹೊರಗೋಡೆಯನ್ನು ಆನೆಗಳ ಸಾಲು ಹೊತ್ತಿದೆ. ಆದರೆ ಶಿವನೆದುರು ನಂದಿಯಿಲ್ಲ. ದಕ್ಷನ ಯಜ್ಞಕ್ಕೆ ಸತಿ ನಂದಿಯನ್ನೇರಿ ಹೋದಳೆಂದೂ, ಆ ನಂದಿ ಚಿಕ್ಕೋಡಿ ತಾಲೂಕಿನ ಯಡೂರಿನಲ್ಲಿ ನಿಂತಿತೆಂದೂ, ಕುಪಿತನಾದ ಶಿವನು ಕೋಪೇಶ್ವರನಾದನೆಂದೂ ಸ್ಥಳೀಯ ಐತಿಹ್ಯ. ಅವನನ್ನು ಸಂತೈಸಲು ಬಂದ ವಿಷ್ಣು ಧೋಪೇಶ್ವರನೆಂಬ ಹೆಸರಿನಿಂದ ಅದೇ ಗರ್ಭಗೃಹದಲ್ಲಿದ್ದಾನೆ.

ನನ್ನ ತರ್ಕ ಬೇರೆ, ಭಕ್ತರು ಮನ್ನಿಸಬೇಕು. ಈ ಊರಿನ ಹಳೆಯ ಹೆಸರು ಕೊಪ್ಪ. ಚೋಳ ರಾಜಾಧಿರಾಜನು ಚಾಲುಕ್ಯರೊಡನೆ ಕಾದಿ ಆನೆಯ ಮೇಲೆಯೇ ಮಡಿದ ಕೊಪ್ಪಂ ಇದೇ ಎಂದು ಕೆಲವು ವಿದ್ವಾಂಸರೂ, ಅಲ್ಲ, ಅದು ಕೊಪ್ಪಳವೆಂದು ಕೆಲವರೂ ಹೇಳುತ್ತಾರೆ. ಕನ್ನಡದಲ್ಲಿ ಕೊಪ್ಪವೆಂದರೆ ಸಣ್ಣ ಹಳ್ಳಿ. ಕೊಪ್ಪದ ಈಶ್ವರ ಕೊಪ್ಪೇಶ್ವರ. ಆ ಶಬ್ದದ ಅರ್ಥ ಮರೆತ ಮೇಲೆ ಕೋಪ ಬಂದಿರಬೇಕು.

ಮಧ್ಯಾಹ್ನ ನಾವು ಬುತ್ತಿ ಬಿಚ್ಚಿ ಕುಳಿತಾಗ ಅಲ್ಲಿಯ ಗುರವಜ್ಜನೊಬ್ಬನು ನಮ್ಮ ಬಳಿಗೆ ಬಂದನು. ಕನ್ನಡದಲ್ಲಿ ಮಾತನಾಡುತ್ತಿದ್ದ ನನ್ನನ್ನು ಕೈಹಿಡಿದು ಒಂದು ಬರಹದ ಮುಂದೆ ನಿಲ್ಲಿಸಿ, "ತಮ್ಮಾ, ನೀ ಕನ್ನಡ ಸಾಲಿ ಕಲತಾಂವ ಅಂತಿ. ಇದರಾಗ ಏನ್ ಬರದಾರ, ಒಂದೀಟು ಓದಿ ಹೇಳಪಾ" ಎಂದನು. ಮರಾಠಿ ಗೆಳೆಯರೂ ತಟ್ಟೆ ಬಿಟ್ಟೆದ್ದು ಬಂದರು. ದಕ್ಷಿಣ ದ್ವಾರದ ಬಳಿಯ ನಾಗರಿ ಲಿಪಿಯ ಸಂಸ್ಕೃತ ಶಾಸನವನ್ನು ಅವರಲ್ಲೊಬ್ಬನು ತಡವರಿಸುತ್ತಲಾದರೂ ಆಗಲೇ ಓದಿದ್ದನು. ಈಗ ನನ್ನ ಸರದಿ. ನಾನು 'ಸ್ವಸ್ತಿ' ಎಂದೆ. ಮುಂದೆ ಬಾಯಿ ಬರಲಿಲ್ಲ. ಯಾರೂ ನಗಲಿಲ್ಲ, ಅಜ್ಜನು "ಇರಲಿ ಬಿಡಪಾ" ಎಂದು ಹೊರಟುಹೋದನು. ನಕ್ಕಿದ್ದರೆ ನಾನು ಅದನ್ನು ಎಂದೋ ಮರೆತುಬಿಡುತ್ತಿದ್ದೆ.

ಕನ್ನಡ ಬಲ್ಲವನಿಗೆ ಕನ್ನಡ ಶಾಸನ ಏಕೆ ಓದಲು ಬಾರದು? ಮೊದಲನೆಯದಾಗಿ, ಶಾಸನದಲ್ಲಿ ಪದಗಳ ನಡುವೆ ತೆರಪಿಲ್ಲ. ಅಕ್ಷರಗಳು ಎಡೆಬಿಡದೆ ಸಾಗುತ್ತವೆ. ಮ ಮತ್ತು ವ ಅಕ್ಷರಗಳು ಅವಳಿಗಳಂತಿರುತ್ತವೆ. ನಮ್ಮ ಅಂಕಲಿಪಿಯಲ್ಲಿಲ್ಲದ ಎರಡು ಅಕ್ಷರಗಳು ಮೇಲಿಂದ ಮೇಲೆ ಬರುತ್ತವೆ: ನಾವು 'ಆರು' ಎನ್ನುವುದನ್ನು ಅವರು 'ಆಱು' ಎಂದೂ, 'ಏಳು' ಎನ್ನುವುದನ್ನು 'ಏೞು' ಎಂದೂ ಬರೆಯುತ್ತಿದ್ದರು. ಹಳ್ಳಿ ಅವರಿಗೆ ಪಳ್ಳಿ, ಹಾಲು ಪಾಲು. ಇಷ್ಟನ್ನು ಅರಿತು, ಒಂದು ಅಕ್ಷರಪಟವನ್ನು ಕೈಯಲ್ಲಿ ಹಿಡಿದು ನಿಂತರೆ ಅರ್ಧ ದಿನದಲ್ಲಿ ಎರಡು ಸಾಲು ಬರುತ್ತದೆ. ಏಳನೆಯ ಇಯತ್ತೆಯ ಹುಡುಗಿಯರಿಗೆ ಬಂದಿದೆ. ಹುಡುಗರಿಗೆ ನದಿಯ ಕಡೆಗೇ ಹೆಚ್ಚು ಲಕ್ಷ್ಯ.

ನಾನಿದನ್ನು ಕಲಿತುದು ಶಿಕ್ಷಕನಾದ ಮೇಲೆ. ಶಿಲಾಹಾರರ ಶಾಸನಗಳನ್ನು ಸಂಪಾದಿಸಿದ ವಾ. ವಿ. ಮಿರಾಶಿಯವರ ಗ್ರಂಥ 1977ರಲ್ಲಿ ಪ್ರಕಟವಾಯಿತು. ಗಡಿಯ ವಾದದಲ್ಲಿ ಗಂಟಲು ಹರಿದುಕೊಳ್ಳುತ್ತಿದ್ದ ನಾವು ಓದದಿದ್ದ ಕನ್ನಡವನ್ನು ಮರಾಠಿ ವಿದ್ವಾಂಸರೊಬ್ಬರು ಅಕ್ಷರ ಅಕ್ಷರವಾಗಿ ಬಿಡಿಸಿಟ್ಟಿದ್ದರು. ಕೊಲ್ಲಾಪುರದ ಮಹಾಲಕ್ಷ್ಮಿಯನ್ನು ಕುಲದೇವತೆಯಾಗಿ ಪೂಜಿಸಿದ ಆ ಅರಸರು ಪೂರ್ವದಲ್ಲಿ ತಗರ, ಎಂದರೆ ಇಂದಿನ ತೇರ, ಊರಿನವರೆಂದು ಹೇಳಿಕೊಂಡರೂ ಶಾಸನಗಳಲ್ಲಿ ಹೆಚ್ಚಿನವನ್ನು ಕನ್ನಡದಲ್ಲಿಯೇ ಹಾಕಿಸಿದರು. 'ನೇಮಿನಾಥ ಪುರಾಣ'ವನ್ನು ರಚಿಸಿದ ಕರ್ಣಪಾರ್ಯನಿಗೂ ಆಶ್ರಯ ದೊರೆತುದು ಅವರ ರಾಜ್ಯದಲ್ಲಿಯೇ. ಅರಸರಲ್ಲಿ ಕಡೆಯವನಾದ ಎರಡನೆಯ ಭೋಜನನ್ನು ಯಾದವ ಸಿಂಘಣನು ಸೋಲಿಸಿದನು. ನನ್ನ ಗೆಳೆಯನು ಓದಿದ ಶಕ 1136ರ ಶಾಸನ ಆ ಸಿಂಘಣನದು. ದೇವರ ಪೂಜೆಗೆ ಮಿರಜ ಪ್ರಾಂತದ ಒಂದು ಗ್ರಾಮವನ್ನು ಬಿಟ್ಟುಕೊಟ್ಟ ದಾನಪತ್ರ. ಗೆದ್ದವನು ಸೋತವನ ದೇವರಿಗೆ ಉಂಬಳಿ ಕೊಟ್ಟನು. ಹಿಂದಿನವರ ಕನ್ನಡ ಬರಹಗಳನ್ನು ಕೆತ್ತಿ ಅಳಿಸಲಿಲ್ಲ.

ಹೋಗಬೇಕೆನ್ನುವವರು ಮಳೆಗಾಲವನ್ನು ಬಿಟ್ಟು ಹೋಗಿರಿ. 2005, 2019 ಮತ್ತು 2021ರ ಮಹಾಪೂರಗಳಲ್ಲಿ ಶಿರೋಳ ತಾಲೂಕು ಪಟ್ಟ ಪಾಡನ್ನು ನೀವೆಲ್ಲ ಕಂಡಿದ್ದೀರಿ. ಊರೊಳಗಿನ ಆದಿನಾಥ ಬಸದಿಯನ್ನು ನೋಡದೆ ಬರಬೇಡಿರಿ. ಅಕ್ಷರಗಳು ಎದ್ದು ಕಾಣಲೆಂದು ಸುಣ್ಣ, ಕುಂಕುಮ ಬಳಿಯಬೇಡಿರಿ. ಇಳಿಬಿಸಿಲು ಓರೆಯಾಗಿ ಬಿದ್ದಾಗ ಅವು ತಾವಾಗಿಯೇ ಕಾಣುತ್ತವೆ.

ನಾನು ಅಕ್ಷರಪಟದೊಡನೆ ಮೊದಲ ಸಲ ಮಕ್ಕಳನ್ನು ಕರೆದೊಯ್ದಾಗ ಗುರವಜ್ಜನನ್ನು ವಿಚಾರಿಸಿದೆ. ತೀರಿಕೊಂಡು ಆರು ವರ್ಷವಾಗಿತ್ತು. ಅವನ ಮೊಮ್ಮಗನನ್ನು ನಿಲ್ಲಿಸಿಕೊಂಡು ಓದಿ ಹೇಳಿದೆನು. ಆ ಹುಡುಗನಿಗೆ ಕನ್ನಡ ಬರುತ್ತಿರಲಿಲ್ಲ. ಮರಾಠಿಯಲ್ಲಿ ಅರ್ಥ ಹೇಳಬೇಕಾಯಿತು.