ಬೇಲಿ ಬೆಳೆದರೆ ಗಡಿ ಬೆಳೆಯುವುದಿಲ್ಲ

ಮಳೆಗಾಲ ಮುಗಿದು ಬೇಲಿ ಎರಡೂ ಕಡೆಗೆ ಚಾಚಿಕೊಂಡಾಗ ಊರೂರಲ್ಲೂ ಒಂದೇ ಬಗೆಯ ತಕರಾರು ಹುಟ್ಟುತ್ತದೆ. ಲಕ್ಕಿಯೋ ಗ್ಲಿರಿಸಿಡಿಯಾವೋ ಕತ್ತಾಳೆಯೋ, ಗಿಡ ಯಾವುದಾದರೂ ಇರಲಿ, ಮಾತು ಗಿಡದಿಂದ ಶುರುವಾಗಿ ಜಾಗಕ್ಕೆ ಹೋಗುತ್ತದೆ, ಅಲ್ಲಿಂದ ಅಪ್ಪ-ಅಜ್ಜಂದಿರ ಕಾಲಕ್ಕೆ ಹೋಗುತ್ತದೆ. ಗಡಿ ಎಲ್ಲಿದೆ ಎಂಬುದು ಒಂದು ಪ್ರಶ್ನೆ, ಗಿಡ ಎಷ್ಟು ಚಾಚಬಹುದು ಎಂಬುದು ಇನ್ನೊಂದು. ಇವೆರಡಕ್ಕೆ ಉತ್ತರ ಸಿಗುವ ಕಚೇರಿ ಬೇರೆ ಬೇರೆ, ಕಾನೂನೂ ಬೇರೆ ಬೇರೆ. ಅವನ್ನು ಬಿಡಿಸಿ ನೋಡದಿದ್ದರೆ ಎರಡೂ ಬಗೆಹರಿಯುವುದಿಲ್ಲ. ಬೇಲಿಯ ಬಗ್ಗೆ ಓಡಾಡುವ ತಪ್ಪು ನಂಬಿಕೆಗಳಲ್ಲಿ ಹೆಚ್ಚಿನವು ಈ ಕಲಸುಮೇಲೋಗರದಿಂದಲೇ ಹುಟ್ಟಿದವು.

“ಬೇಲಿ ಎಲ್ಲಿದೆಯೋ ಅಲ್ಲೇ ಗಡಿ” ಎಂಬುದು ಎಲ್ಲಕ್ಕಿಂತ ಗಟ್ಟಿಯಾದ ನಂಬಿಕೆ. ಆದರೆ ಗಡಿ ಇರುವುದು ಸರ್ವೆ ಇಲಾಖೆಯ ಟಿಪ್ಪಣಿಯಲ್ಲಿ, ನಕ್ಷೆಯಲ್ಲಿ, ನೆಲದ ಮೇಲೆ ನೆಟ್ಟ ಬಾಂದು ಕಲ್ಲಿನಲ್ಲಿ. ಪಟ್ಟಣದ ನಿವೇಶನವಾದರೆ ಬಡಾವಣೆಯ ನಕ್ಷೆಯಲ್ಲಿ ಮತ್ತು ಕ್ರಯಪತ್ರದ ಚಕ್ಕುಬಂದಿಯಲ್ಲಿ. ಬೇಲಿಗೆ ಜೀವವಿದೆ, ಅದು ಒಂದೇ ಕಡೆ ನಿಲ್ಲುವುದಿಲ್ಲ. ಕತ್ತಾಳೆ ಬುಡದಿಂದ ಮರಿಹಾಕಿ ಪಕ್ಕಕ್ಕೆ ಸರಿಯುತ್ತದೆ. ಲಂಟಾನದ ಕೊಂಬೆ ನೆಲ ಮುಟ್ಟಿದಲ್ಲಿ ಬೇರು ಬಿಡುತ್ತದೆ. ಬಿದಿರಿನ ಮೆಳೆ ವರ್ಷ ವರ್ಷ ಹಿಗ್ಗುತ್ತದೆ. ಒಬ್ಬರು ತಮ್ಮ ಕಡೆ ತಪ್ಪದೆ ಸವರುತ್ತ, ಇನ್ನೊಬ್ಬರು ಸವರದೆ ಬಿಟ್ಟರೆ ಬೇಲಿಯ ನಡುಮಧ್ಯ ನಿಧಾನಕ್ಕೆ ಸವರದವರ ಕಡೆಗೆ ವಾಲುತ್ತದೆ, ಯಾರೂ ಬೇಕೆಂದು ಮೋಸ ಮಾಡದಿದ್ದರೂ. 330 ಅಡಿ ಉದ್ದದ ಬೇಲಿ ಮೂರೂಕಾಲು ಅಡಿಯಷ್ಟು ಸರಿದರೆ ಹೆಚ್ಚೂಕಡಿಮೆ ಒಂದು ಗುಂಟೆ, ಅಂದರೆ 1089 ಚದರಡಿ ಜಾಗ ಈಚೆಯಿಂದ ಆಚೆಗೆ ಹೋದಂತೆ ಕಾಣುತ್ತದೆ. ಈಗಿನ ಬೆಲೆಯಲ್ಲಿ ಒಂದು ಗುಂಟೆಗಾಗಿ ಅಣ್ಣತಮ್ಮಂದಿರೇ ಮಾತು ಬಿಡುವುದನ್ನು ನೋಡುತ್ತೇವೆ, ಇನ್ನು ನೆರೆಯವರ ಪಾಡೇನು?

ಗಡಿಯ ಬಗ್ಗೆ ಅನುಮಾನವಿದ್ದರೆ ಹದ್ದುಬಸ್ತು ಅಳತೆಗೆ ಅರ್ಜಿ ಹಾಕಬೇಕು. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು ಶುಲ್ಕ ಕಟ್ಟಿದರೆ, ಬಾಜುದಾರರಿಗೆ ನೋಟಿಸ್ ಕೊಟ್ಟು ಭೂಮಾಪಕರು ಬಂದು ಹಳೆಯ ದಾಖಲೆಯ ಪ್ರಕಾರ ಗಡಿ ಗುರುತಿಸುತ್ತಾರೆ. ಅರ್ಜಿ ಹಾಕುವ ಮುನ್ನ ನೆರೆಯವರಿಗೆ ಬಾಯಿಮಾತಿನಲ್ಲಿ ತಿಳಿಸುವುದು ಒಳ್ಳೆಯದು. ನೋಟಿಸಿನ ಮೂಲಕವೇ ಮೊದಲ ಸುದ್ದಿ ತಲುಪಿದರೆ ಅದು ಸವಾಲಿನಂತೆ ಕಾಣುತ್ತದೆ. ಅಳತೆಯ ದಿನ ಇಬ್ಬರೂ ಸ್ಥಳದಲ್ಲಿದ್ದರೆ ಎಷ್ಟೋ ಅನುಮಾನ ಅಲ್ಲೇ ಕರಗುತ್ತದೆ. ಕಲ್ಲನ್ನು ಮಾತ್ರ ಯಾರೂ ಅಲುಗಿಸಬಾರದು. ಸರ್ಕಾರ ನೆಟ್ಟ ಗಡಿಕಲ್ಲನ್ನು ಕೀಳುವುದು, ಸರಿಸುವುದು ಶಿಕ್ಷಾರ್ಹ ಅಪರಾಧ.

ಇದರ ಬೆನ್ನಿಗೇ ಬರುವ ಮಾತು: “ಹನ್ನೆರಡು ವರ್ಷ ಬೇಲಿ ಇದ್ದರೆ ಜಾಗ ಅವರದ್ದೇ.” 1963ರ ಕಾಲಮಿತಿ ಕಾಯ್ದೆಯಲ್ಲಿ ಹನ್ನೆರಡು ವರ್ಷದ ಅವಧಿ ಇರುವುದು ನಿಜ. ಆದರೆ ಪ್ರತಿಕೂಲ ಸ್ವಾಧೀನ ಸಾಬೀತಾಗಲು ಆ ಜಾಗವನ್ನು ಅವರು ಬಹಿರಂಗವಾಗಿ, ಎಡೆಬಿಡದೆ, ನಿಜವಾದ ಮಾಲೀಕರ ಹಕ್ಕನ್ನು ಅಲ್ಲಗಳೆಯುವ ರೀತಿಯಲ್ಲಿ ಅನುಭವಿಸಿಕೊಂಡು ಬಂದಿರಬೇಕು. ಹಾಗೆಂದು ಹೇಳುವವರೇ ಅದನ್ನು ರುಜುವಾತುಪಡಿಸಬೇಕು. ಗಿಡ ತಾನಾಗಿ ಹರಡಿ ನಿಮ್ಮ ನೆಲದ ಮೇಲೆ ನೆರಳು ಹಾಕಿದ್ದು ಅಂಥ ಸ್ವಾಧೀನ ಆಗುವುದಿಲ್ಲ. ಆದರೆ ಅದೇ ಬೇಲಿಯ ಮರೆಯಲ್ಲಿ ಅವರು ವರ್ಷಗಟ್ಟಲೆ ಉತ್ತು ಬಿತ್ತುತ್ತಿದ್ದರೆ ಸುಮ್ಮನಿರುವುದು ಅಪಾಯ. ಅಲ್ಲಿ ತಡಮಾಡದೆ ಲಿಖಿತ ಆಕ್ಷೇಪಣೆ ಬೇಕು, ವಕೀಲರ ಸಲಹೆ ಬೇಕು.

ಇನ್ನು ಕೊಂಬೆಯ ವಿಷಯ. ಇಲ್ಲಿ ಎರಡು ವಿರುದ್ಧ ನಂಬಿಕೆಗಳಿವೆ. ಗಿಡ ಅವರದ್ದು, ಎಲೆ ಮುಟ್ಟಿದರೂ ಕೇಸು ಎಂದು ಹೆದರುವವರಿದ್ದಾರೆ. ನನ್ನ ಕಡೆ ಬಂದಿದ್ದೆಲ್ಲ ನನ್ನದು, ಬುಡಕ್ಕೇ ಕೊಡಲಿ ಹಾಕುತ್ತೇನೆ ಎನ್ನುವವರೂ ಇದ್ದಾರೆ. 1894ರಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ‘ಲೆಮನ್ ವಿರುದ್ಧ ವೆಬ್’ ಪ್ರಕರಣದಲ್ಲಿ ಒಂದು ತತ್ವವನ್ನು ಎತ್ತಿಹಿಡಿಯಿತು: ನೆರೆಯವರ ನೆಲಕ್ಕೆ ಕಾಲಿಡದೆ, ನಿಮ್ಮ ಗಡಿ ದಾಟಿ ಬಂದ ಕೊಂಬೆಯನ್ನು ಗಡಿಯವರೆಗೆ ಕತ್ತರಿಸಬಹುದು. ನೆರೆಹೊರೆಯ ಬಾಧೆಯ ವಿಷಯದಲ್ಲಿ ನಮ್ಮ ನ್ಯಾಯಾಲಯಗಳೂ ಇಂಗ್ಲಿಷ್ ಸಾಮಾನ್ಯ ಕಾನೂನಿನ ಇಂಥ ತತ್ವಗಳನ್ನು ಮಾರ್ಗದರ್ಶಿಯಾಗಿ ನೋಡುತ್ತ ಬಂದಿವೆ. ಕತ್ತರಿಸಿದ ಕೊಂಬೆ, ಅದರಲ್ಲಿರುವ ಕಾಯಿ-ಹಣ್ಣು ಮಾತ್ರ ಗಿಡದ ಒಡೆಯರದ್ದು. 1919ರ ಇನ್ನೊಂದು ಇಂಗ್ಲಿಷ್ ಪ್ರಕರಣದಲ್ಲಿ, ತನ್ನ ತೋಟದ ಮೇಲೆ ಬಾಗಿದ್ದ ನೆರೆಮನೆಯ ಕೊಂಬೆಯಿಂದ ಸೇಬು ಕಿತ್ತು ಮಾರಿದವನು ಪರಿಹಾರ ಕೊಡಬೇಕಾಯಿತು. ನಮ್ಮ ಅಂಗಳಕ್ಕೆ ಬಾಗಿದ ಮಾವಿನ ಕೊಂಬೆಗೂ ಇದೇ ನ್ಯಾಯ ಎಂದರೆ ಹಲವರು ಒಪ್ಪುವುದಿಲ್ಲ, ಆದರೆ ತತ್ವ ಇರುವುದು ಹಾಗೆಯೇ.

ಬೇಲಿಯ ಗಿಡ ಮರವಾಗಿದ್ದರೆ ಇನ್ನೊಂದು ಕಾಯ್ದೆ ನಡುವೆ ಬರುತ್ತದೆ, ಇದನ್ನು ಬಹಳ ಜನ ಮರೆಯುತ್ತಾರೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ‘ಮರ ಕಡಿಯುವುದು’ ಎಂದರೆ ಬುಡ ಕಡಿಯುವುದಷ್ಟೇ ಅಲ್ಲ, ಕೊಂಬೆ ಸವರುವುದು, ತೊಗಟೆ ಸುಲಿಯುವುದು, ವಿಷ ಹಾಕುವುದು, ಸುಡುವುದು ಎಲ್ಲವೂ ಸೇರುತ್ತವೆ. ತೆಂಗು, ನೀಲಗಿರಿ, ಗ್ಲಿರಿಸಿಡಿಯಾದಂಥ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ನಗರಗಳಲ್ಲಂತೂ ಉಳಿದ ಮರಗಳಿಗೆ ಕೈಹಾಕುವ ಮುನ್ನ ವೃಕ್ಷಾಧಿಕಾರಿಯ ಅನುಮತಿ ಕೇಳಲೇಬೇಕು. ರಾತ್ರಿ ಬುಡಕ್ಕೆ ಆ್ಯಸಿಡ್ ಸುರಿಯುವುದು, ಕಳೆನಾಶಕ ಹೊಡೆಯುವುದು ಜಾಣತನ ಎಂದುಕೊಂಡವರಿಗೆ ಇದು ಗೊತ್ತಿರಬೇಕು. ಕಳೆನಾಶಕ ಗಾಳಿಯಲ್ಲಿ ತೇಲಿ ಆಚೆಯವರ ಟೊಮೆಟೊ ಸುಟ್ಟರೆ ನಷ್ಟ ಕಟ್ಟಿಕೊಡಬೇಕಾದವರು ಸಿಂಪಡಿಸಿದವರೇ.

“ಬೇಲಿ ಇಷ್ಟು ಅಡಿಗಿಂತ ಎತ್ತರ ಇರಬಾರದು ಅಂತ ಕಾನೂನಿದೆ” ಎಂಬ ಮಾತೂ ಕೇಳಿಬರುತ್ತದೆ. ಇಂಗ್ಲೆಂಡಿನಲ್ಲಿ 2003ರ ಒಂದು ಕಾಯ್ದೆಯ ಪ್ರಕಾರ, ಎರಡು ಮೀಟರ್ ಮೀರಿದ ನಿತ್ಯಹಸಿರು ಬೇಲಿಯ ಬಗ್ಗೆ ಸ್ಥಳೀಯ ಆಡಳಿತಕ್ಕೆ ದೂರು ಕೊಡಬಹುದು. ನಮ್ಮಲ್ಲಿ ಗಿಡದ ಬೇಲಿಗೆಂದೇ ಅಂಥ ಕಾಯ್ದೆ ಇಲ್ಲ. 1882ರ ಭಾರತೀಯ ಅನುಭೋಗ ಹಕ್ಕುಗಳ ಕಾಯ್ದೆಯಡಿ, ಮನೆಯ ಕಿಟಕಿಗೆ ಇಪ್ಪತ್ತು ವರ್ಷ ಅಡೆತಡೆಯಿಲ್ಲದೆ ಬೆಳಕು ಬಂದಿದ್ದರೆ ಆ ಬೆಳಕಿನ ಮೇಲೆ ಹಕ್ಕು ಹುಟ್ಟಬಹುದು. ಬಯಲು ನೆಲಕ್ಕೆ ಆ ಹಕ್ಕು ಹುಟ್ಟುವುದಿಲ್ಲ. ಹಾಗಾಗಿ ನೆರೆಯವರ ನೆಲದಲ್ಲೇ ನೆಟ್ಟಗೆ ನಿಂತ ಗಿಡದ ನೆರಳಿನಿಂದ ನಿಮ್ಮ ರಾಗಿ ಸೊರಗುತ್ತಿದ್ದರೆ ಕೋರ್ಟಿಗಿಂತ ಮಾತುಕತೆಯೇ ಫಲ ಕೊಡುವ ದಾರಿ.

ಪೊಲೀಸ್ ಠಾಣೆಗೆ ಓಡುವುದರಿಂದ ಗಡಿ ತೀರ್ಮಾನವಾಗುವುದಿಲ್ಲ. ಹೊಡೆದಾಟ, ಬೆದರಿಕೆ ಇದ್ದರೆ ಖಂಡಿತ ದೂರು ಕೊಡಿ. ಮರ ಬಿದ್ದು ಜನರಿಗೆ ಅಪಾಯ ಆಗುವಂತಿದ್ದರೆ ಕಾರ್ಯನಿರ್ವಾಹಕ ದಂಡಾಧಿಕಾರಿಗೆ, ಅಂದರೆ ಸಾಮಾನ್ಯವಾಗಿ ತಹಶೀಲ್ದಾರರಿಗೆ, ಅರ್ಜಿ ಕೊಡಬಹುದು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮಿನಲ್ಲಿದ್ದ ಈ ಅಧಿಕಾರ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ರಲ್ಲಿದೆ.

ಮಾತುಕತೆ ಮುರಿದುಬಿದ್ದರೆ ದಾವೆ ಹೂಡುವ ಮುನ್ನ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಲೋಕ ಅದಾಲತ್ತಿನಲ್ಲಿ ಇಬ್ಬರೂ ಒಪ್ಪಿ ರಾಜಿಯಾದರೆ ಅದಕ್ಕೆ ಕೋರ್ಟಿನ ಡಿಕ್ರಿಯಷ್ಟೇ ಬಲ, ಮೇಲ್ಮನವಿ ಇಲ್ಲ, ಕೋರ್ಟ್ ಶುಲ್ಕವೂ ಇಲ್ಲ. ರಾಜಿಪತ್ರದಲ್ಲಿ “ಬೇಲಿ ಸವರತಕ್ಕದ್ದು” ಎಂದಷ್ಟೇ ಬರೆಸಿದರೆ ಮುಂದಿನ ವರ್ಷ ಮತ್ತೆ ಜಗಳ. ಎಷ್ಟು ಎತ್ತರ, ವರ್ಷದಲ್ಲಿ ಎಷ್ಟು ಸಲ, ಮುಂಗಾರಿಗೆ ಮುಂಚೆಯೋ ಆಮೇಲೋ, ಕೂಲಿ ಯಾರದ್ದು, ಕಡಿದ ಸೊಪ್ಪು ಯಾರ ಗೊಬ್ಬರದ ಗುಂಡಿಗೆ, ಎಲ್ಲವನ್ನೂ ಬಿಡಿಸಿ ಬರೆಸಿ.