ಪೈಪ್‌ಲೈನ್ ಪಕ್ಕದ ಸೈಟು

ಲೇಔಟ್ ನಕ್ಷೆ ಬರೆಯುವುದು ನನ್ನ ಕಸುಬು. ದಾಬೋಲ್‌ನಿಂದ ಹೊರಟ ಗ್ಯಾಸ್ ಪೈಪ್‌ಲೈನ್ 2013ರಲ್ಲಿ ಬೆಂಗಳೂರು ಮುಟ್ಟಿತು. ಅದು ಹಾದುಹೋಗಿರುವ ಕಡೆಯ ಜಮೀನಿನ ಕೆಲಸ ಬಂದರೆ ನಾನು ಮೊದಲು ನೋಡುವುದು ಪಹಣಿಯ 11ನೇ ಕಾಲಂ. ಇತರೆ ಹಕ್ಕು, ಋಣಗಳು ನಮೂದಾಗುವುದು ಅಲ್ಲಿ. ಅಲ್ಲಿ ಏನೂ ಕಾಣದಿದ್ದರೆ ಗೆಜೆಟ್ ಅಧಿಸೂಚನೆಯಲ್ಲಿ ಸರ್ವೆ ನಂಬರ್ ಹುಡುಕುತ್ತೇನೆ.

1962ರ ಪೈಪ್‌ಲೈನ್ ಕಾಯ್ದೆಯಡಿ ಸರ್ಕಾರ ಜಮೀನನ್ನೇ ಕೊಳ್ಳುವುದಿಲ್ಲ. ಪೈಪು ಹಾದುಹೋಗುವ ಒಂದು ನೆಲದ ಪಟ್ಟಿಯ ಬಳಕೆ ಹಕ್ಕು ಪಡೆದು, ಮಾರುಕಟ್ಟೆ ಬೆಲೆಯ ಶೇ 10ರಷ್ಟು ಕೊಡುತ್ತದೆ. ಮಾಲೀಕ ರೈತನೇ. ಅಲ್ಲಿ ರಾಗಿ ಬೆಳೆಯಬಹುದು. ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಹೊಲ ಸೈಟುಗಳಾಗಿ ಕೈ ಬದಲಾದಾಗ ಈ ಷರತ್ತು ಮರೆತುಹೋಗುತ್ತದೆ.

“ಪಟ್ಟಿ ಬಿಟ್ಟು ಕಾಂಪೌಂಡ್ ಎಳೀರಿ ಸರ್, ಆಮೇಲೆ ನಮಗೇನು?” ಎನ್ನುವ ಡೆವಲಪರ್‌ಗಳಿದ್ದಾರೆ. ಆದರೆ ಆ ಪಟ್ಟಿ ಇರುವುದು ಪೈಪನ್ನು ಹಾಕಲು, ನೋಡಿಕೊಳ್ಳಲು, ರಿಪೇರಿ ಮಾಡಲು; ಅದು ಸುರಕ್ಷತೆಯ ಅಂತರವಲ್ಲ. ಪೈಪು ಸಿಡಿದರೆ ಬೆಂಕಿ ಎಷ್ಟು ದೂರ ಚಾಚುತ್ತದೆ ಎಂಬುದು ಅದರ ವ್ಯಾಸ ಮತ್ತು ಒತ್ತಡಕ್ಕೆ ಬಿಟ್ಟದ್ದು. ಅಮೆರಿಕದ ಲೆಕ್ಕದ ಸೂತ್ರದಂತೆ 30 ಇಂಚಿನ ಪೈಪಿನಲ್ಲಿ ಚದರ ಇಂಚಿಗೆ 400 ಪೌಂಡ್ ಒತ್ತಡವಿದ್ದರೆ ಅಪಾಯದ ತ್ರಿಜ್ಯ 414 ಅಡಿ. ಕ್ಯಾಲಿಫೋರ್ನಿಯಾದ ಸ್ಯಾನ್ ಬ್ರೂನೊದಲ್ಲಿ 2010ರ ಸೆಪ್ಟೆಂಬರ್ 9ರಂದು ಬೆಸುಗೆ ದೋಷದಿಂದ ಸಿಡಿದದ್ದು 30 ಇಂಚಿನ ಪೈಪೇ. 8 ಜನ ಸತ್ತರು, 38 ಮನೆ ನೆಲಸಮವಾದವು. ಗ್ಯಾಸ್ ನಿಲ್ಲಿಸಲು ಒಂದೂವರೆ ಗಂಟೆ ಹಿಡಿಯಿತು.

ಹಾಗಾಗಿ ನನ್ನ ನಕ್ಷೆಯಲ್ಲಿ ಪಟ್ಟಿ ಯಾರ ಹಿತ್ತಿಲಿಗೂ ಸೇರುವುದಿಲ್ಲ. ಹುಲ್ಲುಹಾಸಿನ ತೆರೆದ ಜಾಗವಾಗಿ ಎಲ್ಲರ ಕಣ್ಣೆದುರು ಉಳಿಯುತ್ತದೆ. ಗುಟ್ಟಾಗಿ ಜೆಸಿಬಿ ಇಳಿಸಲು ಆಗುವುದಿಲ್ಲ. ಎದ್ದು ಓಡಲಾಗದವರು ಇರುವ ನರ್ಸಿಂಗ್ ಹೋಮ್, ವೃದ್ಧಾಶ್ರಮ, ಶಾಲೆಗಳ ಜಾಗ ಪೈಪಿನಿಂದ ಅತಿ ದೂರದ ಮೂಲೆಯಲ್ಲಿ. ಬಡಾವಣೆಯಿಂದ ಹೊರಬೀಳಲು ಎರಡು ದಾರಿ, ಅದರಲ್ಲಿ ಒಂದಾದರೂ ಪೈಪನ್ನು ದಾಟದೆ ಹೋಗಬೇಕು.

ಇನ್ನೊಂದು ಸಂಗತಿ ಕೊಳ್ಳುವವರಿಗೆ ಕಾಣುವುದೇ ಇಲ್ಲ. ಪೈಪಿನ ದಪ್ಪ ಗೊತ್ತುಮಾಡುವಾಗ ಸುತ್ತಲಿನ ಮನೆಗಳನ್ನೂ ಎಣಿಸುತ್ತಾರೆ. ಬಯಲಿನಲ್ಲಿ ತೆಳು, ಜನವಸತಿಯಲ್ಲಿ ದಪ್ಪ. ಹೊಲವೆಂದು ಹಾಕಿದ ಪೈಪಿನ ಪಕ್ಕ ಅಪಾರ್ಟ್‌ಮೆಂಟ್ ಎದ್ದರೆ ಕಂಪನಿ ಒತ್ತಡ ಇಳಿಸಬೇಕಾಗಬಹುದು, ಇಲ್ಲವೇ ಪೈಪನ್ನೇ ಬದಲಿಸಬೇಕಾಗಬಹುದು. ಅದು ಒಂದೆರಡು ದಿನದ ಕೆಲಸವಲ್ಲ. ಆದ್ದರಿಂದ ನಕ್ಷೆ ಪ್ರಾಧಿಕಾರದ ಮಂಜೂರಾತಿಗೆ ಹೋಗುವ ಮುನ್ನವೇ ಅದರ ಒಂದು ಪ್ರತಿ ಪೈಪ್‌ಲೈನ್ ಕಂಪನಿಯ ಮೇಜಿಗೆ ಹೋಗಲಿ.